ಸತ್ಯಾಂಶ: ಜ್ವರ ಬಿಟ್ಟ ಕೂಡಲೇ ಡೆಂಗಿ ಹೋಗಿಬಿಡುತ್ತದೆಯೇ?

"ಡೆಂಗಿಗೆ ಹೆದರಬೇಡಿ, ಜ್ವರ ಬಿಟ್ಟರೆ ಕಾಯಿಲೆ ಮುಗಿಯಿತು, ಆಸ್ಪತ್ರೆ ಖರ್ಚು ಉಳಿಸಿ." ಮಳೆಗಾಲದಲ್ಲಿ ಇಂಥ ಫಾರ್ವರ್ಡ್ ಮಡಿಕೇರಿಯಿಂದ ಕುಟ್ಟದವರೆಗೂ ಓಡಾಡುತ್ತದೆ. ಮೊದಲ ಮಾತು ಪರವಾಗಿಲ್ಲ. ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಎರಡನೆಯದು ಅಪಾಯದ್ದು.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹುಷಾರಾಗಿರಬೇಕಾದ ಹೊತ್ತು. ಸಾಮಾನ್ಯವಾಗಿ ಅದು 3ರಿಂದ 7ನೇ ದಿನದೊಳಗೆ ಬರುತ್ತದೆ. ಆಗ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ರಕ್ತ ಮಂದವಾಗುತ್ತದೆ. ಮೈ ತಣ್ಣಗಾಯಿತು ಎಂದು ಮನೆಯವರು ಖುಷಿಪಡುತ್ತಿರುವಾಗಲೇ ಬಿಪಿ ಕುಸಿಯಬಹುದು. ಈ ಘಟ್ಟ 24ರಿಂದ 48 ಗಂಟೆ ಇರುತ್ತದೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಸಂಖ್ಯೆಯೊಂದನ್ನೇ ನೋಡಿ ಸುಮ್ಮನಾಗುವುದೂ ಸರಿಯಲ್ಲ.

ನಿಲ್ಲದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ. ಇವುಗಳಲ್ಲಿ ಒಂದು ಕಂಡರೂ ಕಾಯದೆ ಹೊರಡಿ. ತೋಟದ ಲೈನ್ ಮನೆಯಿಂದ ಆಸ್ಪತ್ರೆಗೆ ದಾರಿ ದೂರ, ಮಳೆಯಲ್ಲಿ ಇನ್ನೂ ದೂರ ಅಲ್ವಾ? ಹಾಗಾಗಿ ಜೀಪು ಯಾರದು ಎಂದು ಮೊದಲೇ ಮಾತಾಡಿಕೊಂಡಿರಿ, ಇಲ್ಲವೇ 108ಕ್ಕೆ ಕರೆ ಮಾಡಿ. ಗರ್ಭಿಣಿಯರು, ಕೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಜ್ವರ ಶುರುವಾದಾಗಲೇ ವೈದ್ಯರಿಗೆ ತೋರಿಸಬೇಕು.

ಡೆಂಗಿ ಪತ್ತೆಹಚ್ಚುವ ಎನ್‌ಎಸ್1 ರಕ್ತಪರೀಕ್ಷೆ ಜ್ವರದ ಮೊದಲ 5 ದಿನಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆಂದು ಮೆಡಿಕಲ್‌ನಿಂದ ಬ್ರೂಫೆನ್, ಆಸ್ಪಿರಿನ್ ತಂದು ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು.