ಸತುವು ಎಲೆಕ್ಟ್ರಾನನ್ನು ದಾನ ಮಾಡುವುದಿಲ್ಲ

ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ ಹಿತ್ತಾಳೆಯಲ್ಲಿ ಸತುವಿನ ಪ್ರತಿ ಪರಮಾಣುವೂ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ತಾಮ್ರಕ್ಕೆ ಬಿಟ್ಟುಕೊಡುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಬರೆದಿರುವುದು, ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುವ ಅಡುಗೆ ಉಪ್ಪಿನ ಲೆಕ್ಕವನ್ನು ಲೋಹಗಳ ಮೇಲೆ ಹೇರಿದಂತಿದೆ. ಬಂಧದಲ್ಲಿರುವ ಪರಮಾಣು ಎಲೆಕ್ಟ್ರಾನ್‌ಗಳನ್ನು ತನ್ನೆಡೆಗೆ ಸೆಳೆಯುವ ಸಾಮರ್ಥ್ಯವೇ ವಿದ್ಯುದೃಣತ್ವ; ಅದನ್ನು ಅಳೆಯುವ ಪೌಲಿಂಗ್ ಮಾಪಕದಲ್ಲಿ ತಾಮ್ರದ್ದು 1.90, ಸತುವಿನದು 1.65, ಇಷ್ಟು ಕಡಿಮೆ ಅಂತರದಲ್ಲಿ ತಾಮ್ರದ ಕಡೆಗೆ ವಾಲುವ ಆವೇಶ ಒಂದು ಎಲೆಕ್ಟ್ರಾನಿನ ಸಣ್ಣ ಪಾಲು ಮಾತ್ರ, ಹೊರಕವಚದ ಎಲೆಕ್ಟ್ರಾನ್‌ಗಳು ಇಡೀ ಲೋಹದ ಸಾಮೂಹಿಕ ಸೊತ್ತಾಗಿಯೇ ಉಳಿಯುತ್ತವೆ. ಆ ಪಾಲಿನ ಅಳತೆ ಕೂಡ ಎರಡು ಪರಮಾಣುಗಳ ನಡುವೆ ಗಡಿ ಎಲ್ಲಿ ಎಳೆಯುತ್ತೇವೆ ಎಂಬುದನ್ನು ಅವಲಂಬಿಸಿದೆ.

ಚಿತ್ರದುರ್ಗದ ಪಕ್ಕದ ಇಂಗಳದಾಳ್ ತಾಮ್ರದ ಗಣಿಯ ಅದಿರಿನ ತುಂಡೊಂದು ನನ್ನ ಮೇಜಿನ ಮೇಲಿದೆ. ಹಿತ್ತಾಳೆಯಂತೆಯೇ ಹಳದಿಯಾಗಿ ಮಿರುಗುವ ಈ ಚಾಲ್ಕೊಪೈರೈಟಿನಲ್ಲಿ ತಾಮ್ರ ಮತ್ತು ಕಬ್ಬಿಣ ಗಂಧಕದೊಂದಿಗೆ ಬಂಧಿತವಾಗಿರುವುದರಿಂದ ಸುತ್ತಿಗೆ ಬಿದ್ದರೆ ಅದು ಪುಡಿಯಾಗುತ್ತದೆ. ಅದೇ ಪೆಟ್ಟಿಗೆ ಅಜ್ಜಿಯ ಹಿತ್ತಾಳೆ ಚೊಂಬು ನೆಗ್ಗುತ್ತದೆ, ಒಡೆಯುವುದಿಲ್ಲ; ಪರಮಾಣುಗಳು ಜಾರಿದರೂ ಸಾಮೂಹಿಕ ಎಲೆಕ್ಟ್ರಾನ್‌ಗಳು ಅವನ್ನು ಹಿಡಿದಿಡುತ್ತವೆ.

ಲೇಖಕರು ಹೇಳಿದಂಥ ಪೂರ್ಣ ವರ್ಗಾವಣೆಗೆ ಹತ್ತಿರವಾದುದು ಚಿನ್ನ ಮತ್ತು ಸೀಸಿಯಂ ಜೋಡಿ. ಅವುಗಳ ವಿದ್ಯುದೃಣತ್ವ ಕ್ರಮವಾಗಿ 2.54 ಮತ್ತು 0.79 ಆಗಿರುವುದರಿಂದ, ಸಮಪ್ರಮಾಣದಲ್ಲಿ ಸೇರಿದಾಗ ಎರಡೂ ಲೋಹಗಳಾಗಿದ್ದರೂ ಹುಟ್ಟುವುದು ಲೋಹದಷ್ಟು ಸರಾಗವಾಗಿ ವಿದ್ಯುತ್ ಹರಿಯಗೊಡದ ಅರೆವಾಹಕ. ಉಳಿದ ಅನೇಕ ಮಿಶ್ರಲೋಹಗಳಲ್ಲಿ ಚಿನ್ನ ಎಸ್ ಎಂಬ ಕಕ್ಷಕಕ್ಕೆ (ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳಿರುವ ನೆಲೆಗೆ) ಪಡೆದುದನ್ನು ಡಿ ಎಂಬ ಇನ್ನೊಂದು ಕಕ್ಷಕದಿಂದ ಬಹುಪಾಲು ಹಿಂತಿರುಗಿಸುತ್ತದೆ ಎಂದು ವಿಜ್ಞಾನಿಗಳಾದ ವಾಟ್ಸನ್, ಹ್ಯೂಡಿಸ್ ಮತ್ತು ಪರ್ಲ್‌ಮನ್ 1971ರಲ್ಲೇ ವಾದಿಸಿದ್ದರು.