ಅಕ್ಕಿಕಾಳಿನಷ್ಟು ಗುಂಡಿ, ಅದು ಕೆಟ್ಟರೆ ಇಡೀ ಫೋನೇ ದಂಡ

ಅಲ್ಲಾ ಸ್ವಾಮಿ, ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಕ್ಯಾಮೆರಾ ಮೇಲೆ ಒಂದು ಗೀರೂ ಇಲ್ಲ. ಆದರೂ ಫೋನು ಮೂಲೆ ಸೇರುತ್ತೆ. ಯಾಕೆ? ಪಕ್ಕದಲ್ಲಿರೋ ಪವರ್ ಬಟನ್ ಸತ್ತುಹೋಗಿದೆ. ಇಡೀ ಯಂತ್ರದಲ್ಲಿ ದಿನವಿಡೀ ಒತ್ತಿಸಿಕೊಳ್ಳೋ ಭಾಗ ಅದು. ಅತಿ ಅಗ್ಗದ ಭಾಗಗಳಲ್ಲಿ ಒಂದೂ ಅದೇ. ಕೆಟ್ಟಾಗ ಸುಲಭಕ್ಕೆ ಕೈಗೆ ಸಿಗದ ಹಾಗೆ ಹೂತಿಟ್ಟಿರೋದೂ ಅದನ್ನೇ. ಮೂಗಿಗಿಂತ ಮೂಗುತಿ ಭಾರ ಅನ್ನೋ ಮಾತು ಇದರ ರಿಪೇರಿಗೆ ಹೇಳಿ ಮಾಡಿಸಿದ ಹಾಗಿದೆ. ಬಿಡಿಭಾಗಕ್ಕೆ ಚಿಲ್ಲರೆ, ಬಿಚ್ಚೋ ಕೂಲಿಗೆ ಗಂಟು.

ಆ ಗುಂಡಿಯೊಳಗೆ ಇರೋದಾದರೂ ಏನು? ಬೆರಳಿಗೆ ತಾಗೋದು ಬರೀ ಟೋಪಿ. ಅದರ ಹಿಂದೆ ಒಂದು ಪುಟ್ಟ ಮೊಳೆಯಂಥ ಉಬ್ಬು, ಉಬ್ಬಿನ ಎದುರಿಗೆ ತೆಳು ಲೋಹದ ಗುಮ್ಮಟ. ಒತ್ತಿದರೆ ಗುಮ್ಮಟ ಹೆಚ್ಚೆಂದರೆ ಕಾಲು ಮಿಲಿಮೀಟರ್ ತಗ್ಗಿ ಕೆಳಗಿನ ಬಿಂದುವಿಗೆ ತಾಗುತ್ತೆ. ಬೆರಳಿಗೆ ಸಿಗೋ 'ಟಕ್' ಅದರದ್ದೇ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಗುಂಡಿಯಿಂದ ಬರೋ ತಂತಿ ಸುಮಾರು 1.8 ವೋಲ್ಟ್‌ನಲ್ಲಿ ನಿಂತಿರುತ್ತೆ, ಒತ್ತಿದಾಗ ಸೊನ್ನೆಗೆ ಇಳಿಯುತ್ತೆ, ವಿದ್ಯುತ್ ನೋಡಿಕೊಳ್ಳೋ ಚಿಪ್ ಅದನ್ನ ಕಂಡು ಎಚ್ಚರ ಆಗುತ್ತೆ. ಅಷ್ಟೇ ಕಥೆ. ಎರಡು ಬಿಂದು, ಒಂದು ಗುಮ್ಮಟ, ಅದನ್ನ ಫೋನಿನ ಮುಖ್ಯ ಬೋರ್ಡಿಗೆ ಸೇರಿಸೋ ಕಾಗದದಷ್ಟು ತೆಳ್ಳಗಿನ ಫ್ಲೆಕ್ಸ್ ಪಟ್ಟಿ.

ಇಂಥ ಸ್ವಿಚ್‌ಗೆ ಆಯಸ್ಸು ಅಂತ ಒಂದು ಇರುತ್ತೆ. 1 ಲಕ್ಷ ಸಲ ಒತ್ತಬಹುದು ಅಂತ ಬರೆದಿರೋ ಸ್ವಿಚ್ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ 100 ಸಲ ಒತ್ತಿದರೆ ವರ್ಷಕ್ಕೆ 36,500. ಮೂರು ವರ್ಷ ತುಂಬೋ ಮೊದಲೇ ಲೆಕ್ಕ ಚುಕ್ತಾ. ಐದಾರು ವರ್ಷ ಸಾಫ್ಟ್‌ವೇರ್ ಕೊಡ್ತೀವಿ ಅಂತ ಎದೆ ತಟ್ಟಿಕೊಳ್ಳೋರು, ಅಷ್ಟು ವರ್ಷ ಬಾಳೋ ಗುಂಡಿ ಹಾಕಿದ್ದೀವಿ ಅಂತ ಯಾಕೆ ಬಾಯಿ ಬಿಡಲ್ಲ?

ಇದು ಹೊಸ ರೋಗವೂ ಅಲ್ಲ. 2013ರ ಗೂಗಲ್ ಫೋನ್ ನೆಕ್ಸಸ್ 5ರಲ್ಲಿ ಗುಂಡಿ ಒಳಗೇ ಸಿಕ್ಕಿಕೊಂಡು ಫೋನು ತಾನಾಗೇ ಆಫ್ ಆಗಿ ಆನ್ ಆಗೋ ಕಾಟ ಕುಖ್ಯಾತ. ಐಫೋನ್ 5ರಲ್ಲಿ ಇದೇ ಗುಂಡಿ ಕೈಕೊಟ್ಟು, 2013ರ ಮಾರ್ಚ್‌ವರೆಗೆ ತಯಾರಾದ ಕೆಲವು ಫೋನುಗಳಿಗೆ ಅದನ್ನ ಪುಕ್ಕಟೆ ಬದಲಾಯಿಸಿಕೊಡ್ತೀವಿ ಅಂತ ಆಪಲ್ 2014ರ ಏಪ್ರಿಲ್‌ನಲ್ಲಿ ಒಪ್ಪಿಕೊಳ್ಳಬೇಕಾಯ್ತು. ಹತ್ತು ವರ್ಷದ ಮೇಲಾಯ್ತು. ಕಲಿತಿದ್ದೇನು? ಸೊರಗಿದ ಎತ್ತಿನ ಮೇಲೆ ಇನ್ನೂ ನಾಲ್ಕು ಮೂಟೆ ಹೇರೋದನ್ನ.

ಮೊದಲು ಅದಕ್ಕಿದ್ದದ್ದು ಎರಡೇ ಕೆಲಸ: ಫೋನ್ ಆನ್ ಆಫ್ ಮಾಡೋದು, ಸ್ಕ್ರೀನ್ ಎಬ್ಬಿಸಿ ಮಲಗಿಸೋದು. 2015ರಲ್ಲಿ ಸೋನಿ ಎಕ್ಸ್‌ಪೀರಿಯಾ ಝಡ್5ರಲ್ಲಿ ಬೆರಳಚ್ಚು ಸೆನ್ಸರನ್ನೂ ಅದರೊಳಗೇ ತುರುಕಿದರು, ಆಮೇಲೆ ಅಗ್ಗದ ಫೋನುಗಳಿಗೆಲ್ಲ ಅದೇ ಹಬ್ಬಿತು. ಈಗ ಎರಡು ಸಲ ಒತ್ತಿದರೆ ಕ್ಯಾಮೆರಾ. ಹಿಡಿದುಕೊಂಡರೆ ಅಸಿಸ್ಟೆಂಟ್. ವಾಲ್ಯೂಮ್ ಜೊತೆ ಒತ್ತಿದರೆ ಸ್ಕ್ರೀನ್‌ಶಾಟ್. ಕೆಲವು ಫೋನುಗಳಲ್ಲಂತೂ ಆಫ್ ಮಾಡೋ ಗುಂಡಿ ಹಿಡಿದರೆ ಆಫ್ ಮಾಡೋ ಮೆನುವೇ ಬರಲ್ಲ! ಅದಕ್ಕೆ ಪವರ್ ಜೊತೆ ವಾಲ್ಯೂಮ್ ಅಪ್ ಒತ್ತಬೇಕಂತೆ. ಹೆಸರು ಮಾತ್ರ ಪವರ್ ಬಟನ್.

ಆಂಡ್ರಾಯ್ಡ್ 12ರಿಂದ ಐದು ಸಲ ಒತ್ತಿದರೆ ತುರ್ತು ಕರೆ ಅನ್ನೋ ಸೌಲಭ್ಯ ಬೇರೆ. ಕಷ್ಟದಲ್ಲಿರೋರಿಗೆ ಅದು ಬೇಕು, ತಕರಾರಿಲ್ಲ. ಆದರೆ ಗುಮ್ಮಟ ಸವೆದು ಒಂದು ಒತ್ತು ಮೂರಾಗಿ ದಾಖಲಾಗೋ ಗುಂಡಿಗೆ ಇದನ್ನ ಕಟ್ಟಿದರೆ ಏನಾಗುತ್ತೆ? ಜೇಬಿನಲ್ಲಿದ್ದ ಹಾಗೇ ಪೊಲೀಸರಿಗೆ ಫೋನ್ ಹೋಗುತ್ತೆ. 2023ರಲ್ಲಿ ಬ್ರಿಟನ್ನಿನ ಪೊಲೀಸರು, ಅಲ್ಲಿನ ತುರ್ತು ನಂಬರ್ 999ಕ್ಕೆ ಬರೋ ಮಾತಿಲ್ಲದ ಕರೆಗಳು ಹೆಚ್ಚಿದ್ದಕ್ಕೆ ಈ ಐದು ಒತ್ತಿನ ಸೌಲಭ್ಯವೂ ಒಂದು ಕಾರಣ ಅಂತ ಹೇಳಿಕೊಂಡರು. ಗುಂಡಿ ಚಂಚಲ ಆಗ್ತಿದೆ ಅಂತ ಅನ್ನಿಸಿದ ದಿನವೇ ಸೆಟ್ಟಿಂಗ್ಸ್‌ನಲ್ಲಿ ತುರ್ತು ಕರೆ ತಾನಾಗೇ ಹೋಗೋದನ್ನೂ, ಎರಡು ಒತ್ತಿನ ಕ್ಯಾಮೆರಾವನ್ನೂ ಆಫ್ ಮಾಡಿ. ಉಳಿದಿರೋ ಆಯಸ್ಸಾದರೂ ಉಳಿಯಲಿ.

ಇನ್ನು ರೋಗ ಪತ್ತೆ. ಇಲ್ಲಿ ನಡೆಯೋ ಅನ್ಯಾಯ ನೋಡಿದರೆ ಮೈ ಉರಿಯುತ್ತೆ. ಗುಂಡಿ ಕೆಲಸ ಮಾಡ್ತಿಲ್ಲ ಅಂದ ತಕ್ಷಣ 'ಬೋರ್ಡ್ ಹೋಗಿದೆ' ಅನ್ನೋರು ಎಷ್ಟು ಜನ! ಮೊದಲು ಕವರ್ ತೆಗೆದು ನೋಡಿ ಮಾರಾಯ್ರೆ. ಬಿಗಿಯಾದ ಕವರ್, ಅದರ ಗುಂಡಿಯ ಅಚ್ಚು ಕೂದಲೆಳೆಯಷ್ಟು ಆಚೀಚೆ ಇದ್ದರೂ ಸಾಕು, ಒಳಗಿನ ಗುಂಡಿ ಅರ್ಧ ಒತ್ತಿದ ಸ್ಥಿತಿಯಲ್ಲೇ ಇರುತ್ತೆ. ಕವರ್ ತೆಗೆದರೂ ಸರಿಹೋಗಲಿಲ್ಲವಾ? ಬೆರಳಿನ ಮಾತು ಕೇಳಿ. 'ಟಕ್' ಸರಿಯಾಗಿ ಸಿಗುತ್ತೆ ಆದರೆ ಏನೂ ಆಗಲ್ಲ ಅಂದರೆ ಗುಮ್ಮಟ ನೆಟ್ಟಗಿದೆ, ಸಂಪರ್ಕ ಕಡಿದಿದೆ: ಪಟ್ಟಿ ಹರಿದಿದೆ, ಕನೆಕ್ಟರ್ ಸಡಿಲ ಆಗಿದೆ, ಇಲ್ಲಾ ಬೆವರು ನೀರು ಸೇರಿ ಕಿಲುಬು ಹಿಡಿದಿದೆ. 'ಟಕ್' ಇಲ್ಲ, ಉಗುರು ಊರಿ ಜೋರಾಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತೆ ಅಂದರೆ ಗುಮ್ಮಟ ಚಪ್ಪಟೆ ಆಗಿದೆ ಅಥವಾ ಟೋಪಿಯ ಹಿಂದಿನ ಉಬ್ಬು ಸವೆದಿದೆ. ಒಳಗೆ ಹೋದ ಗುಂಡಿ ಈಚೆ ಬರ್ತಿಲ್ಲ ಅಂದರೆ ಜೇಬಿನ ನೂಲು ಧೂಳು ಸೇರಿ ಗಟ್ಟಿಯಾಗಿದೆ, ಇಲ್ಲಾ ಬಿದ್ದ ಪೆಟ್ಟಿಗೆ ಅಂಚು ಬಾಗಿದೆ. ಕಾಲು ಮಿಲಿಮೀಟರ್ ಓಡಾಟದ ಗುಂಡಿಗೆ ಅಂಚು ಅದರ ಅರ್ಧದಷ್ಟು ಬಾಗಿದರೂ ಸಾಕು.

ಎಲ್ಲಕ್ಕಿಂತ ಹಿಂಸೆ ಕೊಡೋದು ಗುಂಡಿ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳೋದು. ಗುಂಡಿಯನ್ನ ಬಹಳ ಹೊತ್ತು ಹಿಡಿದರೆ ಫೋನ್ ಬಲವಂತವಾಗಿ ರೀಸ್ಟಾರ್ಟ್ ಆಗಬೇಕು, ಹಲವು ಫೋನುಗಳಲ್ಲಿ ನಿಯಮ ಅದು. ಸಿಕ್ಕಿಕೊಂಡ ಗುಂಡಿಯನ್ನ ಚಿಪ್ 'ಯಾರೋ ಹಿಡಿದಿದ್ದಾರೆ' ಅಂತಲೇ ತಿಳಿಯುತ್ತೆ. ಲೋಗೋ ಬರುತ್ತೆ, ನಡುಗುತ್ತೆ, ಆರುತ್ತೆ. ಮತ್ತೆ ಲೋಗೋ. ಬ್ಯಾಟರಿ ಮುಗಿಯೋವರೆಗೂ ಇದೇ ಜಾತ್ರೆ. ಆಗ ಬರುತ್ತೆ ನೋಡಿ ಮಹಾ ಸಲಹೆ: 'ಸಾಫ್ಟ್‌ವೇರ್ ಪ್ರಾಬ್ಲಂ, ಫ್ಯಾಕ್ಟರಿ ರೀಸೆಟ್ ಹೊಡೀರಿ.' ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ! ಫೋಟೋ, ನಂಬರ್, ಎಲ್ಲ ಅಳಿಸಿದ ಮೇಲೂ ಗುಂಡಿ ಸಿಕ್ಕಿಕೊಂಡೇ ಇರುತ್ತೆ, ಖಾಲಿ ಫೋನು ಅದೇ ಲೋಗೋ ತೋರಿಸುತ್ತೆ. ಚಾರ್ಜರ್ ಚುಚ್ಚಿದಾಗಲೂ ಲೋಗೋ ಒಂದೇ ಅಂತರದಲ್ಲಿ ಬಂದು ಹೋಗ್ತಿದ್ದರೆ, ಗುಂಡಿಯನ್ನ ಬೆರಳಲ್ಲಿ ಆಚೀಚೆ ಅಲುಗಿಸಿದಾಗ ಆ ಲಯ ತಪ್ಪಿದರೆ, ಅದು ಗುಂಡಿಯದೇ ಕಾಯಿಲೆ. ಡೇಟಾ ಮುಟ್ಟಬೇಡಿ.

ಮನೆಮದ್ದಿನವರದ್ದು ಬೇರೆಯೇ ಕಾಟ. ಸೂಜಿ ತೂರಿಸಿ ಅಂತ ಒಬ್ಬ, ಸೆಂಟ್ ಹೊಡೆಯಿರಿ ಅಂತ ಒಬ್ಬ, ಹೇರ್ ಡ್ರೈಯರ್ ಹಿಡೀರಿ ಅಂತ ಇನ್ನೊಬ್ಬ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ಸೂಜಿ ಹೋದರೆ ನೀರು ತಡೆಯೋ ರಬ್ಬರ್ ಹರಿಯುತ್ತೆ, ಪಟ್ಟಿಯೂ ತೂತು. ಸೆಂಟ್‌ನಲ್ಲಿ ಎಣ್ಣೆ, ಸ್ಯಾನಿಟೈಸರ್‌ನಲ್ಲಿ ನೀರು ಗ್ಲಿಸರಿನ್, ಒಣಗಿದ ಮೇಲೆ ಜಿಗುಟು. ಬೇಕಾಗಿರೋದು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್. ಔಷಧಿ ಅಂಗಡಿಯ 70 ಶೇಕಡಾದ್ದು ಬೇಡ, ಉಳಿದ 30 ನೀರೇ. ಫೋನ್ ಆಫ್ ಇರಬೇಕು, ಚಾರ್ಜರ್ ಚುಚ್ಚಿರಬಾರದು, ಹತ್ತಿರ ಬೆಂಕಿ ಇರಬಾರದು. ಆದರೆ ಆಫ್ ಮಾಡೋ ಮೊದಲು ಯೋಚಿಸಿ: ಗುಂಡಿ ಪೂರ್ತಿ ಸತ್ತಿದ್ದರೆ ಮತ್ತೆ ಆನ್ ಮಾಡೋ ದಾರಿ ನಿಮ್ಮ ಫೋನಿಗೆ ಇದೆಯಾ? ಇದ್ದರೆ ಮಾತ್ರ ಮುಂದಕ್ಕೆ. ಒಣ ಹಲ್ಲುಜ್ಜೋ ಬ್ರಷ್‌ನಿಂದ ಸಂದಿಯ ಧೂಳು ತೆಗೆಯಿರಿ. ಗುಂಡಿ ಇರೋ ಅಂಚು ಕೆಳಮುಖ ಇರಲಿ, ಕೊಳೆ ಒಳಗೆ ಹೋಗದೆ ಹೊರಗೆ ಉದುರಲಿ. ಹತ್ತಿಕಡ್ಡಿ ಅದ್ದಿ ಸಂದಿಗೆ ಒಂದು, ಹೆಚ್ಚೆಂದರೆ ಎರಡು ಹನಿ. 20–30 ಸಲ ಒತ್ತಿ ಬಿಡಿ, ಒರೆಸಿ, ಒಂದು ಗಂಟೆ ಹಾಗೇ ಇಡಿ. ಇನ್ನೊಂದು ಸಲ ಮಾಡಬಹುದು. ಮೂರನೇ ಸಲ ಬೇಡ, ಜಾಸ್ತಿ ಆದರೆ ಒಳಗಿನ ಅಂಟು ಬಿಡುತ್ತೆ. ಕೊಳೆಗೆ ಮಾತ್ರ ಇದು ಮದ್ದು. ಚಪ್ಪಟೆ ಆದ ಗುಮ್ಮಟಕ್ಕೆ ಯಾವ ದ್ರವವೂ ಜೀವ ಕೊಡಲ್ಲ.

ಸಾಯೋ ಹಂತದ ಗುಂಡಿ ಇಟ್ಟುಕೊಂಡು ಬದುಕೋದು ಹೇಗೆ? ಒಂದೇ ಒಂದು ಸೂತ್ರ: ಫೋನನ್ನ ಆಫ್ ಆಗೋಕೆ ಬಿಡಬೇಡಿ. ರೀಸ್ಟಾರ್ಟ್ ಮಾಡಿದರೆ ತಾನಾಗೇ ಎದ್ದು ಬರುತ್ತೆ, ತೊಂದರೆ ಇಲ್ಲ. ಪವರ್ ಆಫ್ ಒತ್ತಿದಿರೋ, ಕೆಟ್ಟಿರಿ. ಚಾರ್ಜ್ 20 ಶೇಕಡಾಕ್ಕಿಂತ ಕೆಳಗೆ ಇಳಿಸಬೇಡಿ. ಎರಡು ಸಲ ತಟ್ಟಿದರೆ, ಇಲ್ಲಾ ಎತ್ತಿದರೆ ಸ್ಕ್ರೀನ್ ಏಳೋ ಆಯ್ಕೆ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಮೆನು ಇದೆ, ಅದರಲ್ಲಿ ಲಾಕ್, ಪವರ್, ಸ್ಕ್ರೀನ್‌ಶಾಟ್ ಎಲ್ಲ ಸಿಗುತ್ತೆ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ, ಟಚ್, ಅಸಿಸ್ಟಿವ್ ಟಚ್. ಅದಕ್ಕೆಂದೇ ಯಾವುದೋ ಆ್ಯಪ್ ಹಾಕಿಕೊಳ್ಳೋ ಗೀಳು ಬಿಡಿ. ಲಾಕ್ ಮಾಡಿಕೊಡ್ತೀನಿ ಅಂತ ಅದು ಕೇಳೋ ಆಕ್ಸೆಸಿಬಿಲಿಟಿ ಅನುಮತಿಯಲ್ಲಿ ಸ್ಕ್ರೀನ್ ಮೇಲಿರೋದನ್ನ ಓದೋ ಅಧಿಕಾರವೂ ಸೇರಿರಬಹುದು.

ಬ್ಯಾಕಪ್ ಇವತ್ತೇ. ಯುಎಸ್‌ಬಿ ಡಿಬಗ್ಗಿಂಗ್ (ಕೇಬಲ್ ಮೂಲಕ ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡೋಕೆ ಬಿಡೋ ಆಯ್ಕೆ) ಕೂಡ ಇವತ್ತೇ ಆನ್ ಮಾಡಿ ಕಂಪ್ಯೂಟರ್‌ಗೆ ಒಪ್ಪಿಗೆ ಕೊಟ್ಟಿಡಿ. ಗುಂಡಿ ಸತ್ತ ಮೇಲೂ ಕಂಪ್ಯೂಟರ್‌ನಲ್ಲಿ 'ಎಡಿಬಿ ರೀಬೂಟ್' (adb reboot) ಅನ್ನೋ ಒಂದು ಸಾಲು ಬರೆದು ರೀಸ್ಟಾರ್ಟ್ ಮಾಡಬಹುದು.

ಸರಿ, ಆಫ್ ಆಗೇ ಹೋಯ್ತು. ಐಫೋನ್ ಆದರೆ ಚಾರ್ಜರ್ ಚುಚ್ಚಿ, ತಾನಾಗೇ ಆನ್ ಆಗುತ್ತೆ. ಇಷ್ಟು ಸರಳ ಬುದ್ಧಿ ಬಹಳಷ್ಟು ಆಂಡ್ರಾಯ್ಡ್ ಫೋನುಗಳಿಗೆ ಯಾಕಿಲ್ಲ? ಚಾರ್ಜರ್ ಚುಚ್ಚಿದರೆ ಬ್ಯಾಟರಿ ಚಿತ್ರ ತೋರಿಸಿ ಸುಮ್ಮನೆ ಕೂರುತ್ತೆ. ಆ ನಡವಳಿಕೆ ಬದಲಾಯಿಸೋ ಸವಲತ್ತು ಕೆಲವು ಫೋನುಗಳಲ್ಲಿ ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡೋ ಬೂಟ್‌ಲೋಡರ್‌ನಲ್ಲೇ ಇದೆ. ಕಂಪ್ಯೂಟರ್‌ನಿಂದ ಅದಕ್ಕೆ ಆಜ್ಞೆ ಕೊಡೋ ಫಾಸ್ಟ್‌ಬೂಟ್‌ನಲ್ಲಿ 'ಆಫ್ ಮೋಡ್ ಚಾರ್ಜ್' ಅನ್ನೋದನ್ನ ಸೊನ್ನೆ ಮಾಡಿದರೆ ಚಾರ್ಜರ್ ಚುಚ್ಚಿದ ಕೂಡಲೇ ಫೋನ್ ಆನ್. ಆದರೆ ಎಲ್ಲ ಫೋನಲ್ಲೂ ಅದು ನಡೆಯಲ್ಲ, ಕೆಲವದರಲ್ಲಿ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು, ಅನ್‌ಲಾಕ್ ಮಾಡಿದರೆ ಡೇಟಾ ಪೂರ್ತಿ ಅಳಿಯುತ್ತೆ. ಗಾಯದ ಮೇಲೆ ಬರೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಸೇರಿಸಿದ್ದರೆ ಎಷ್ಟೋ ಫೋನು ಬದುಕುತ್ತಿದ್ದವು. ಸದ್ಯಕ್ಕೆ ಉಳಿಯೋ ದಾರಿ: ವಾಲ್ಯೂಮ್ ಡೌನ್, ಕೆಲವು ಮಾದರಿಗಳಲ್ಲಿ ಎರಡೂ ವಾಲ್ಯೂಮ್ ಗುಂಡಿ, ಹಿಡಿದುಕೊಂಡು ಕಂಪ್ಯೂಟರ್‌ಗೆ ಚುಚ್ಚಿದ ಕೇಬಲ್ ಸಿಕ್ಕಿಸಿ. ಫಾಸ್ಟ್‌ಬೂಟ್ ಬಂದರೆ ಅಲ್ಲಿಂದ ರೀಬೂಟ್ ಕೊಡಬಹುದು. ಫೋನ್ ಸರಿಮಾಡೋಕೆ ಅಂತ ಇರೋ ರಿಕವರಿ ಮೆನುವಿಗೆ ಹೋದಿರೋ, ಅಲ್ಲಿ ಆಯ್ಕೆ ಮಾಡೋಕೆ ಒತ್ತಬೇಕಾದ್ದು ಯಾವ ಗುಂಡಿ ಹೇಳಿ? ಹೂಂ, ಅದೇ.

ಬಿಚ್ಚಲೇಬೇಕು ಅಂತಾದರೆ ಲೆಕ್ಕ ಹೀಗಿದೆ. ಹಿಂದಿನ ಗಾಜಿನ ಅಂಟು ಸಡಿಲಿಸೋಕೆ 70–80 ಡಿಗ್ರಿ ಸೆಲ್ಸಿಯಸ್ ಬಿಸಿ, ಕೆಲವು ನಿಮಿಷ. ಎಬ್ಬೋಕೆ ಪ್ಲಾಸ್ಟಿಕ್ ತುಂಡು ಮಾತ್ರ. ಬ್ಯಾಟರಿ ಹತ್ತಿರ ಲೋಹ ತಂದರೆ ಅನಾಹುತ. ತೆರೆದ ಮೇಲೆ ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಪ್ರತಿ ಸ್ಕ್ರೂ ಯಾವ ತೂತಿನದು ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿನ ಒಳಪದರ ಸೀಳುತ್ತೆ, ಆಗ ಆ 'ಬೋರ್ಡ್ ಹೋಗಿದೆ' ಅನ್ನೋ ಮಾತು ನಿಜವಾಗಿಬಿಡುತ್ತೆ. ಮಲ್ಟಿಮೀಟರನ್ನ ಕಂಟಿನ್ಯುಟಿಗೆ (ಸಂಪರ್ಕ ಇದ್ದರೆ ಬೀಪ್ ಅನ್ನೋ ಸ್ಥಾನ) ಇಟ್ಟು ಸ್ವಿಚ್ಚಿನ ಎರಡು ಬಿಂದು ಮುಟ್ಟಿಸಿ. ಒತ್ತಿದಾಗ ಮಾತ್ರ ಬೀಪ್ ಅಂದರೆ ಸ್ವಿಚ್ ಸರಿ, ತೊಂದರೆ ಪಟ್ಟಿಯಲ್ಲೋ ಕನೆಕ್ಟರ್‌ನಲ್ಲೋ. ಒತ್ತದೇ ಬೀಪ್ ಬಂದರೆ ಶಾರ್ಟ್. ಒತ್ತಿದರೂ ಇಲ್ಲ ಅಂದರೆ ಗುಮ್ಮಟ ಸತ್ತಿದೆ.

ಹಲವು ಮಾದರಿಗಳಲ್ಲಿ ವಾಲ್ಯೂಮ್, ಫ್ಲ್ಯಾಶ್, ಮೈಕ್ ಎಲ್ಲ ಒಂದೇ ಪಟ್ಟಿಯಲ್ಲಿ ಕೂತಿರುತ್ತವೆ. ಒಂದು ಗುಮ್ಮಟಕ್ಕಾಗಿ ಪೂರ್ತಿ ಪಟ್ಟಿ ಬದಲಾಯಿಸಬೇಕು. ಹಳೇ ಪಟ್ಟಿ ಕೀಳುವಾಗ ಎಳೆಯಬೇಡಿ, ಅಂಟಿಗೆ ಒಂದು ಹನಿ ಆಲ್ಕೋಹಾಲ್ ಬಿಟ್ಟು ಮೆಲ್ಲಗೆ ಎಬ್ಬಿಸಿ. ಬೆರಳಚ್ಚು ಗುಂಡಿ ಆದರೆ ಇನ್ನೂ ಹುಷಾರು: ಸೆನ್ಸರಿನ ಪಟ್ಟಿ ಬೇರೆ ಇರುತ್ತೆ, ಹರಿದರೆ ಬೆರಳಚ್ಚಿಗೂ ಎಳ್ಳು ನೀರು.

ಯುರೋಪಿಯನ್ ಒಕ್ಕೂಟ ಮಾತ್ರ ಸ್ವಲ್ಪ ಕಿವಿ ಹಿಂಡಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರೋ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಸಿಗಬೇಕು, ವೃತ್ತಿಪರ ರಿಪೇರಿಯವರಿಗೆ ಕೊಡಬೇಕಾದ ಬಿಡಿಭಾಗಗಳ ಸಾಲಿನಲ್ಲಿ ಒತ್ತೋ ಗುಂಡಿಗಳೂ ಇವೆ. ಕಾನೂನು ತಂದು ಕೊಡಿಸಬೇಕಾಯ್ತು, ಅಕ್ಕಿಕಾಳಿನಷ್ಟು ಗುಂಡಿಯನ್ನ!

ಹಾಂ, ಅಂಟು ಬಳಿದು ಮುಚ್ಚೋ ಮೊದಲು ಬ್ಯಾಟರಿ ಸಿಕ್ಕಿಸಿ ಹತ್ತು ಸಲ ಒತ್ತಿ ನೋಡಿ, ಪ್ರತಿ ಒತ್ತಿಗೂ ಸ್ಕ್ರೀನ್ ಒಂದೇ ಸಲ ಬದಲಾಗಬೇಕು. ಮುಚ್ಚಿದ ಮೇಲೆ ಮೇಜಿನ ಮೇಲೆ ಸಾಸಿವೆ ಗಾತ್ರದ ಕಪ್ಪು ರಬ್ಬರ್ ಉಂಗುರ ಉಳಿದಿದೆಯಾ? ಗುಂಡಿಯ ಸಂದಿಯಲ್ಲಿ ನೀರು ತಡೀತಿದ್ದದ್ದು ಅದೇ. ಮತ್ತೆ ಬಿಸಿ ಮಾಡಿ, ಮತ್ತೆ ಬಿಚ್ಚಿ.