ಸರ್ವೆ ಡೇಟಾ ಕೊಟ್ಟರೆ ಸಾಕಾ, ಬಳಸುವುದನ್ನೂ ಹೇಳಿಕೊಡಬೇಕಾ?

ವರ್ಷಾನುಗಟ್ಟಲೆಯಿಂದ ನಡೆಯುತ್ತಿರುವ ಮನೆ ಮನೆ ಸರ್ವೆಗಳ ಡೇಟಾ ಈಗ ಪುಕ್ಕಟೆ ಸಿಗುತ್ತದೆ. ಅದನ್ನು ಬಳಸುವ ಸಂಶೋಧಕರಿಗೆ ಸಹಾಯ ಮಾಡಲು ಸರ್ಕಾರದ ಖರ್ಚಿನಲ್ಲಿ ಜಿಲ್ಲೆಗೊಂದು ಕೇಂದ್ರ ಬೇಕಾ? ಕೋಲಾರದ ಒಬ್ಬ ಅರ್ಥಶಾಸ್ತ್ರ ಮೇಷ್ಟ್ರನ್ನೂ, ತುಮಕೂರು ಜಿಲ್ಲೆಯಲ್ಲಿ ಸರ್ವೆ ಕೆಲಸ ಮಾಡಿದ್ದ ಒಬ್ಬರನ್ನೂ ಕೇಳಿದೆವು.

ಪರ: ಬೇಕೇ ಬೇಕು

ಮೊದಲು ಒಂದು ಫೈಲ್ ತೆರೆಯೋಣ. ರಾಷ್ಟ್ರೀಯ ಮಾದರಿ ಸಮೀಕ್ಷೆ, ಎಲ್ಲರೂ ಎನ್‌ಎಸ್‌ಎಸ್ ಅನ್ನುವುದು, 1950ರಲ್ಲಿ ಶುರುವಾಯಿತು. ಅದರ ಹಳೇ ಸುತ್ತಿನ ಡೇಟಾ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಕಾಣುವುದು ಬರೀ ಅಂಕಿ. ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಒಂದು ಕಾಮಾ ಕೂಡ ಇಲ್ಲ. ಎಷ್ಟನೇ ಅಂಕಿಯಿಂದ ಎಷ್ಟನೇ ಅಂಕಿವರೆಗೆ ಜಿಲ್ಲೆ, ಎಲ್ಲಿಂದ ಎಲ್ಲಿವರೆಗೆ ಮನೆ ನಂಬರು ಅನ್ನುವುದು ಬೇರೆ ಒಂದು ಹಾಳೆಯಲ್ಲಿರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಗಳನ್ನು ಕತ್ತರಿಸಬೇಕು. ಕೊನೆಯಲ್ಲಿ ಮಲ್ಟಿಪ್ಲೈಯರ್ ಅಂತ ಒಂದು ಕಾಲಂ ಸಿಗುತ್ತದೆ. ಸರ್ವೆಗೆ ಸಿಕ್ಕ ಈ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವ ಲೆಕ್ಕ ಅದು. ಅದನ್ನೂ ಹಾಗೇ ತೆಗೆದುಕೊಳ್ಳುವ ಹಾಗಿಲ್ಲ. ಎನ್‌ಎಸ್‌ಎಸ್, ಎನ್‌ಎಸ್‌ಸಿ ಅಂತ ಎರಡು ಕಾಲಂ ನೋಡಬೇಕು (ಇಲ್ಲಿ ಎನ್‌ಎಸ್‌ಎಸ್ ಅನ್ನುವುದು ಸರ್ವೆಯಲ್ಲ, ಬರೀ ಕಾಲಂನ ಹೆಸರು). ಎರಡರಲ್ಲೂ ಒಂದೇ ಅಂಕಿ ಇದ್ದರೆ 100ರಿಂದ ಭಾಗಿಸಬೇಕು, ಬೇರೆ ಬೇರೆ ಇದ್ದರೆ 200ರಿಂದ.

ಇದನ್ನು ಯಾರು ಹೇಳಿಕೊಡಬೇಕು ಹೇಳಿ? ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಓದುವ ಹುಡುಗರಿಗೆ ಪಕ್ಕದ ರೂಮಿನ ಸೀನಿಯರ್ ಇರುತ್ತಾನೆ. ಬಂಗಾರಪೇಟೆಯಿಂದ, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವ ನಮ್ಮ ಹುಡುಗಿಗೆ ಯಾರಿದ್ದಾರೆ? ಎಲ್ಲ ಕೈಪಿಡಿಯಲ್ಲಿ ಬರೆದಿದೆ, ಓದಿಕೊಳ್ಳಲಿ ಅನ್ನುವವರಿದ್ದಾರೆ. ಬರೆದಿದೆ, ಒಪ್ಪಿದೆ. ಇಂಗ್ಲಿಷಿನಲ್ಲಿ, ನೂರಾರು ಪುಟ, ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರುವವರಿಗೆ ಮಾತ್ರ ಸಿಗುವ ಹಾಗೆ. ಡೇಟಾ ಪುಕ್ಕಟೆ ಕೊಟ್ಟು ಹೇಳಿಕೊಡುವವರನ್ನು ಕೊಡದೇ ಇರುವುದು ಬೋರ್‌ವೆಲ್ ಕೊರೆಸಿ ಮೋಟಾರ್ ಇಳಿಸದೆ ಹೋದ ಹಾಗೆ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೋಡಿದ್ದನ್ನೇ ಹೇಳುತ್ತೇನೆ. ಒಬ್ಬ ಹುಡುಗ ಪಿಎಚ್‌ಡಿ ಅಧ್ಯಾಯ ತಂದು ತೋರಿಸಿದ. 2001ರಿಂದ 2011ಕ್ಕೆ ಕೋಲಾರ ಜಿಲ್ಲೆಯ ಜನಸಂಖ್ಯೆ 25 ಲಕ್ಷದಿಂದ 15 ಲಕ್ಷಕ್ಕೆ ಇಳಿದಿದೆ, ಸರ್ವೆಯಲ್ಲೂ ಮನೆಗಳು ಕಡಿಮೆಯಾಗಿವೆ, ಬರದಿಂದ ಜನ ಬೆಂಗಳೂರಿಗೆ ಗುಳೆ ಹೋಗಿರುವುದೇ ಇದಕ್ಕೆ ಕಾರಣ ಅಂತ ಬರೆದಿದ್ದ. ಅಂಕಿಗಳು ಸರಿ, ಅದೇ ತಮಾಷೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಹತ್ತಿರ ಹತ್ತಿರ 12.5 ಲಕ್ಷ ಜನ ಎಲ್ಲಿಗೂ ಹೋಗದೆ, ಮನೆ ಬಾಗಿಲಲ್ಲೇ ಕೂತು ಕೋಲಾರದಿಂದ ಹೊರಗೆ ಹೋದರು. ಹುಡುಗ ಚಿತ್ರದುರ್ಗದ ಕಡೆಯವನು, ಅವನಿಗೆ ಹೊಳೆದಿರಲಿಲ್ಲ. ಗೈಡ್‌ಗೆ ಯಾಕೆ ಹೊಳೆಯಲಿಲ್ಲ ಅಂತ ನಾನು ಕೇಳಲು ಹೋಗಲಿಲ್ಲ, ಅದು ಬೇರೆಯೇ ಕಥೆ. ಹಳೇ ಸುತ್ತನ್ನೂ ಹೊಸ ಸುತ್ತನ್ನೂ ಹೋಲಿಸಬೇಕಾದರೆ ಎರಡು ಜಿಲ್ಲೆಗಳನ್ನು ಮತ್ತೆ ಸೇರಿಸಿಕೋ ಅಂತ ಒಂದು ಮಾತು ಸಾಕಿತ್ತು. ಆ ಮಾತು ಹೇಳುವವರು ಇಲ್ಲೇ ಇರಬೇಕಲ್ವಾ? ದೆಹಲಿಯಲ್ಲಿ ಕೂತವರಿಗೆ ಚಿಂತಾಮಣಿ ಯಾವಾಗ ಯಾವ ಜಿಲ್ಲೆಯಲ್ಲಿತ್ತು ಅನ್ನುವುದು ತಟ್ಟನೆ ನೆನಪಿಗೆ ಬರುವುದಿಲ್ಲ.

ಇನ್ನೊಬ್ಬಳು ಗೌರಿಬಿದನೂರಿನ ಹುಡುಗಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹಿಡಿದುಕೊಂಡು ಬಂದಿದ್ದಳು. 1992-93ರಲ್ಲಿ ಶುರುವಾದ ಸರ್ವೆ ಅದು. 2019-21ರ ಐದನೇ ಸುತ್ತಿನಲ್ಲಿ ದೇಶದಲ್ಲಿ ಸುಮಾರು 6.37 ಲಕ್ಷ ಮನೆಗಳಿಗೆ ಹೋಗಿದ್ದಾರೆ. ಅಷ್ಟು ದೊಡ್ಡದು ಅಂದಮೇಲೆ ಚಿಕ್ಕಬಳ್ಳಾಪುರದಲ್ಲಿ ಹೆಂಗಸರ ಮೇಲಿನ ಮನೆಯೊಳಗಿನ ಹಿಂಸೆ ಎಷ್ಟು ಅಂತ ತೆಗೆಯಬಹುದು ಅಂದುಕೊಂಡಿದ್ದಳು. ಕಂಪ್ಯೂಟರ್ ಬೇಡ ಅನ್ನುವುದಿಲ್ಲ, ಕೇಳಿದ ತಕ್ಷಣ ಒಂದು ಅಂಕಿ ಕೊಡುತ್ತದೆ, ದಶಮಾಂಶದ ಸಮೇತ. ಆದರೆ ಆ ಪ್ರಶ್ನೆಗಳನ್ನು ಕೇಳಿದ್ದು ನೂರಕ್ಕೆ ಹದಿನೈದು ಮನೆಗಳಲ್ಲಿ ಮಾತ್ರ. ರಾಜ್ಯದ ಲೆಕ್ಕಕ್ಕೆ ಅದು ಸಾಕು. ಒಂದು ಜಿಲ್ಲೆಗೆ ಇಳಿದರೆ ಉಳಿಯುವ ಹೆಂಗಸರು ತೀರಾ ಕಡಿಮೆ, ಅವರ ಮೇಲೆ ಜಿಲ್ಲೆಯ ಹಣೆಬರಹ ಬರೆಯುವ ಹಾಗಿಲ್ಲ. ಅದಕ್ಕೆ ಬೇರೆ ವೇಟ್ ಕೂಡ ಇದೆ, ವೇಟ್ ಅಂದರೆ ಆಗಲೇ ಹೇಳಿದ ಮಲ್ಟಿಪ್ಲೈಯರ್ ಥರದ್ದೇ. ಆ ಸರ್ವೆಯಲ್ಲಿ ಎಲ್ಲ ವೇಟ್‌ಗಳನ್ನೂ 10 ಲಕ್ಷದಿಂದ ಭಾಗಿಸಬೇಕು ಅನ್ನುವುದೂ ಅವಳಿಗೆ ಯಾರೂ ಹೇಳಿರಲಿಲ್ಲ. ಕೂತು ಮಾತಾಡಿದ ಮೇಲೆ ವಿಷಯವನ್ನು ಬಾಲ್ಯವಿವಾಹಕ್ಕೆ ಬದಲಾಯಿಸಿಕೊಂಡಳು. ಆ ಪ್ರಶ್ನೆ ಎಲ್ಲ ಮನೆಗಳಲ್ಲೂ ಇದೆ, ಜಿಲ್ಲೆಯ ಲೆಕ್ಕ ತೆಗೆಯಬಹುದು. ಈಗ ಅವಳ ಕೆಲಸ ಚೆನ್ನಾಗಿ ನಡೆಯುತ್ತಿದೆ.

ಇದು ಹಳ್ಳಿ ಹುಡುಗರ ಸಮಸ್ಯೆ ಮಾತ್ರ ಅಂತಲೂ ತಿಳಿಯಬೇಡಿ. 1999-2000ದ ಎನ್‌ಎಸ್‌ಎಸ್ 55ನೇ ಸುತ್ತಿನಲ್ಲಿ ಊಟದ ಖರ್ಚನ್ನು ಒಂದೇ ಮನೆಯಲ್ಲಿ ಎರಡು ಥರ ಕೇಳಿದರು, ಕಳೆದ 7 ದಿನದ್ದು ಮತ್ತು ಕಳೆದ 30 ದಿನದ್ದು. ಜನ ಒಂದಕ್ಕೆ ಕೊಟ್ಟ ಉತ್ತರಕ್ಕೆ ಹೊಂದುವ ಹಾಗೆ ಇನ್ನೊಂದಕ್ಕೂ ಉತ್ತರ ಕೊಟ್ಟರು. ಹಿಂದಿನ ಸುತ್ತಿನ ಜೊತೆ ಹೋಲಿಸಲು ಆಗದ ಹಾಗಾಯಿತು. 1993-94ರಲ್ಲಿ 36 ಪರ್ಸೆಂಟ್ ಇದ್ದ ಬಡತನ 26ಕ್ಕೆ ಇಳಿಯಿತು ಅಂತ ಸರ್ಕಾರ ಹೇಳಿತು, ಎಷ್ಟು ಇಳಿದದ್ದು ನಿಜ ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳಾಡಿದರು. ಲೆಕ್ಕ ಸರಿಪಡಿಸಲು ಆಂಗಸ್ ಡೀಟನ್ ಅಂಥವರೇ ಕೂರಬೇಕಾಯಿತು, 2015ರಲ್ಲಿ ನೊಬೆಲ್ ಸಿಕ್ಕಿತಲ್ಲ, ಅವರೇ. ಅಂಥವರೇ ಒದ್ದಾಡಿದ ಫೈಲನ್ನು ಇವತ್ತು ಎಂ.ಎ. ಹುಡುಗ ಒಂದು ಕ್ಲಿಕ್‌ನಲ್ಲಿ ಇಳಿಸಿಕೊಂಡು, ಯಾರನ್ನೂ ಕೇಳದೆ ಚಾರ್ಟ್ ಮಾಡಿಬಿಡುತ್ತಾನೆ.

ಹೊರಗಿನವರು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯ 1968ರಿಂದ ಅದೇ ಅಮೆರಿಕನ್ ಕುಟುಂಬಗಳ ಬೆನ್ನು ಹತ್ತಿದೆ, ಅವರ ಮಕ್ಕಳು ಮೊಮ್ಮಕ್ಕಳವರೆಗೆ. ಬ್ರಿಟನ್ನಿನಲ್ಲಿ 2009ರಲ್ಲಿ ಸುಮಾರು 40 ಸಾವಿರ ಮನೆಗಳಿಂದ ಶುರು ಮಾಡಿದ ಸರ್ವೆ ಇದೆ. ಎರಡರಲ್ಲೂ ಡೇಟಾ ಬಳಸುವವರ ಪ್ರಶ್ನೆಗೆ ಉತ್ತರ ಕೊಡಲು ಸಂಬಳದ ಜನ ಇದ್ದಾರೆ, ತರಬೇತಿ ಇದೆ. ನಮ್ಮಲ್ಲಿ ಆರೋಗ್ಯ ಸಮೀಕ್ಷೆ ಬಳಸುವ ಬಹಳ ಜನ ಇಂಥ ಸಹಾಯಕ್ಕೆ ಡಿಎಚ್‌ಎಸ್ ಕಡೆ, ಅಂದರೆ ಬೇರೆ ಬೇರೆ ದೇಶಗಳ ಆರೋಗ್ಯ ಸರ್ವೆಗಳಿಗೆ ನೆರವಾಗುವ ಅಮೆರಿಕದ ಕಾರ್ಯಕ್ರಮದ ಕಡೆ, ನೋಡುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ದುಡ್ಡು ನಿಲ್ಲಿಸಿತು, ಪ್ರಶ್ನೆಗೆ ಉತ್ತರ ಬರುವುದೂ ನಿಂತುಹೋಯಿತು. ನಮ್ಮ ಮನೆಗಳ ಡೇಟಾ, ಸಹಾಯ ಮಾತ್ರ ವಾಷಿಂಗ್ಟನ್‌ನಿಂದ ಬರಬೇಕಿತ್ತು ಅಂದರೆ ಏನು ಹೇಳುವುದು.

ಎದುರಿನವರು ಗೋಪ್ಯತೆ ಅಂತ ಶುರು ಮಾಡುತ್ತಾರೆ, ಗೊತ್ತು. ಫೈಲಿನಲ್ಲಿ ಹೆಸರಿಲ್ಲ, ಫೋನ್ ನಂಬರಿಲ್ಲ. ಬರೀ ಅಂಕಿ ನೋಡಿ ಹೆದರುವವರು ವೋಟರ್ ಲಿಸ್ಟನ್ನೂ ಸುಟ್ಟುಹಾಕಲಿ. ಸೋಮಾರಿಗಳಾಗುತ್ತಾರೆ ಅನ್ನುವುದು ಇನ್ನೊಂದು. ವೇಟ್ ಹಾಕುವುದನ್ನು ಹೇಳಿಕೊಟ್ಟರೆ ಸೋಮಾರಿಯಾಗುವುದಾದರೆ ಮಗ್ಗಿ ಹೇಳಿಕೊಟ್ಟಿದ್ದೂ ತಪ್ಪೇ.

ಕೇಳುತ್ತಿರುವುದು ದೊಡ್ಡ ಕಟ್ಟಡವಲ್ಲ. ವಿಷಯ ಗೊತ್ತಿರುವ ಒಬ್ಬರು, ಅವರಿಗೆ ಮರ್ಯಾದೆಯ ಸಂಬಳ, ಕನ್ನಡದಲ್ಲಿ ಉತ್ತರ. ಉದ್ಯೋಗದ ಸರ್ವೆಯಲ್ಲಿ 2025ರ ಜನವರಿಯಿಂದ ಸ್ಯಾಂಪಲ್ ಆರಿಸಲು ಬಹುತೇಕ ಕಡೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಇನ್ನು ಮುಂದೆ ಕೋಲಾರದಲ್ಲಿ ನಿರುದ್ಯೋಗ ಇಷ್ಟು, ತುಮಕೂರಿನಲ್ಲಿ ಇಷ್ಟು ಅಂತ ಯಾರಾದರೂ ತೆಗೆದೇ ತೆಗೆಯುತ್ತಾರೆ, ಪೇಪರಿನವರು ಹಾಕೇ ಹಾಕುತ್ತಾರೆ. ಎಷ್ಟು ಮನೆ ಕೇಳಿ ಈ ಅಂಕಿ ತೆಗೆದಿರಿ ಅಂತ ವಾಪಸ್ ಕೇಳುವವರು ಊರಲ್ಲಿ ಒಬ್ಬರಾದರೂ ಇರಲಿ.

ವಿರೋಧ: ಬೇಡ, ಅಂದರೆ ಮೊದಲು ಇದು ಬೇಡ

ನನಗೆ ವಿರೋಧ ಬರೆಯಿರಿ ಅಂದರು. ಪರ ಬರೆಯುವವರು ಆಗಲೇ ಸಿಕ್ಕಿಬಿಟ್ಟಿದ್ದರಂತೆ. ಸಹಾಯ ಮಾಡುವುದರ ಮೇಲೆ ನನಗೆ ಅಂಥಾ ಸಿಟ್ಟೇನಿಲ್ಲ. ಆದರೂ ಒಪ್ಪಿಕೊಂಡಿದ್ದೇನೆ, ಬರೆಯುತ್ತೇನೆ.

ಮೇಷ್ಟ್ರು ಹೇಳುವ ಕೇಂದ್ರ ಬಂದರೆ ಏನಾಗುತ್ತದೆ? ಹುಡುಗ ಹೋಗುತ್ತಾನೆ, ಸಾರ್ ಟೇಬಲ್ ಹಾಕಿಕೊಡಿ ಅನ್ನುತ್ತಾನೆ. ಅವರು ಹಾಕಿಕೊಡುತ್ತಾರೆ. ಇವನು ಬೈಂಡಿಂಗ್ ಅಂಗಡಿಗೆ ಹೋಗುತ್ತಾನೆ. ಪಿಎಚ್‌ಡಿ ಮುಗಿಯಿತು. ಒದ್ದಾಡಿ ಕಲಿತದ್ದು ತಲೆಯಲ್ಲಿ ನಿಲ್ಲುತ್ತದೆ, ಯಾರೋ ಮಾಡಿಕೊಟ್ಟದ್ದು ನಿಲ್ಲುವುದಿಲ್ಲ. ತಪ್ಪು ಲೆಕ್ಕ ಬಂದರೆ ಬರಲಿ, ವೈವಾದಲ್ಲಿ ಕೇಳುತ್ತಾರೆ, ಅದಕ್ಕೇ ಅಲ್ವಾ ವೈವಾ ಇರುವುದು.

ಗೋಪ್ಯತೆಯ ಮಾತನ್ನು ಅವರು ಅಷ್ಟು ಸಲೀಸಾಗಿ ತಳ್ಳಿಹಾಕಬಾರದಿತ್ತು. ಆರೋಗ್ಯ ಸಮೀಕ್ಷೆಯವರು ಮ್ಯಾಪಿನಲ್ಲಿ ಊರಿನ ಜಾಗವನ್ನೇ ಬೇಕಂತ ಸರಿಸಿ ಕೊಡುತ್ತಾರೆ, ಪಟ್ಟಣದಲ್ಲಿ 2 ಕಿಲೋಮೀಟರ್‌ವರೆಗೆ, ಹಳ್ಳಿಯಲ್ಲಿ 5ರವರೆಗೆ, ಅಲ್ಲೊಂದು ಇಲ್ಲೊಂದು ಹಳ್ಳಿಯನ್ನು 10ರವರೆಗೆ. ಸುಮ್ನೆ ಮಾಡುತ್ತಾರಾ? ನಮ್ಮ ಜಿಲ್ಲೆಯ ಬೆಲ್ಲದಮಡುಗು, ತರಟಿ ಎರಡೂ ಇಕ್ರಿಸ್ಯಾಟ್ ಅನ್ನುವ ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯವರ ಹಳ್ಳಿ ಅಧ್ಯಯನದಲ್ಲಿದ್ದವು. 1975ರಲ್ಲಿ ಆಗಿನ ಆಂಧ್ರ, ಮಹಾರಾಷ್ಟ್ರದ ಆರು ಹಳ್ಳಿಗಳಲ್ಲಿ ಶುರುವಾದದ್ದು 2009ರ ನಂತರ ನಮ್ಮ ಕಡೆಗೂ ಬಂತು. ಅಂಥ ಅಧ್ಯಯನದಲ್ಲಿ ಹಳ್ಳಿಯ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಇಷ್ಟು ಎಕರೆ, ಇಷ್ಟು ಬೋರ್, ಒಂದು ಟ್ರ್ಯಾಕ್ಟರ್, ಇಂಥ ವರ್ಷ ಇಷ್ಟು ಸಾಲ ಅಂತ ಒಂದು ಸಾಲು ಓದಿ. ಹೊರಗಿನವರಿಗೆ ಅದು ಬರೀ ಅಂಕಿ. ಮಧುಗಿರಿಯವನೇ ಜಿಲ್ಲಾ ಕೇಂದ್ರದ ಕಂಪ್ಯೂಟರ್ ಮುಂದೆ ಕೂತಿದ್ದರೆ ಅವನಿಗೆ ಅದು ಯಾರ ಮನೆ ಅಂತ ಗೊತ್ತಾಗುತ್ತದೆ. ಊರಿನವರೇ ಸಹಾಯಕ್ಕೆ ಬೇಕು ಅನ್ನುವುದು ಅವರ ವಾದ. ನನಗೆ ಭಯ ಇರುವುದೂ ಊರಿನವರದ್ದೇ.

ಇರಲಿ. ನನಗೆ ಹೇಳಬೇಕಾದ್ದು ಬೇರೆ. ಟ್ಯಾಬ್ಲೆಟ್ ಬರುವ ಮುಂಚೆ ಖರ್ಚು ವೆಚ್ಚದ ಸರ್ವೆಗೆ ಪಾವಗಡದ ಕಡೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು, ಜಗಲಿ ಮೇಲೆ ಹುಣಸೆ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಶೆಡ್ಯೂಲ್‌ನಲ್ಲಿ, ಅಂದರೆ ಪ್ರಶ್ನೆಪಟ್ಟಿಯಲ್ಲಿ, ನೂರಾರು ಐಟಂ. ರಾಗಿ ಎಷ್ಟು ಅಂದರೆ ಸೇರಿನಲ್ಲಿ ಹೇಳುತ್ತಾರೆ, ನಾನು ಕೆ.ಜಿ.ಗೆ ಬದಲಾಯಿಸಬೇಕು. ಸ್ವಂತ ಹೊಲದ ರಾಗಿಯಾದರೆ ಅಂಗಡಿ ರೇಟು ಹಾಕುವ ಹಾಗಿಲ್ಲ, ಹೊಲದಲ್ಲೇ ಮಾರಿದ್ದರೆ ಸಿಗುತ್ತಿದ್ದ ರೇಟು ಹಾಕಬೇಕು. ಹುಣಸೆಗೆ ಬಂದಾಗ, ಕಳೆದ 30 ದಿನದಲ್ಲಿ ಎಷ್ಟು ಗ್ರಾಂ ಬಳಸಿದಿರಿ ಅಂತ ಕೇಳಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮರ ಹಿತ್ತಲಲ್ಲೈತೆ, ಬೇಕಾದಾಗ ಹಾಕ್ಕೋತೀನಿ, ಅದಕ್ಕೂ ಲೆಕ್ಕ ಇಡ್ತಾರೇನಪ್ಪ?" ಕೊನೆಗೆ ಒಂದು ಸಾರಿಗೆ ಎಷ್ಟು ಹಾಕುತ್ತೀರಿ ಅಂದೆ. ಬೊಗಸೆಗಿಂತ ಕಡಿಮೆ ಹಿಡಿದು ತೋರಿಸಿದರು, ನಾನು ಕಣ್ಣಳತೆಯಲ್ಲಿ ತೂಕ ಹಾಕಿದೆ, ತಿಂಗಳಿಗೆ ಗುಣಿಸಿ ಬರೆದೆ.

ಮೇಷ್ಟ್ರು 100ರಿಂದ ಭಾಗಿಸಬೇಕಾ 200ರಿಂದಾ ಅಂತ ತಲೆ ಕೆಡಿಸಿಕೊಳ್ಳುವ ಅಂಕಿ ಇದೇ. ಆ ಅಜ್ಜಿಯ ಕೈ.

ಹೊರಡುವಾಗ ಅವರು ಕೇಳಿದ್ದು ಒಂದೇ. ಇದೆಲ್ಲ ಬರೆದುಕೊಂಡು ಹೋಗಿ ರೇಷನ್ ಕಾರ್ಡ್ ಕಿತ್ತುಕೊಳ್ಳುವುದಿಲ್ಲ ತಾನೇ ಅಂತ. ಇಲ್ಲ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ, ಆದರೂ ಒಂದು ಹಿಡಿ ಹುಣಸೆ ಹಣ್ಣು ಪೇಪರಿನಲ್ಲಿ ಕಟ್ಟಿ ಕೊಟ್ಟರು. ಆ ಸರ್ವೆಯಿಂದ ಏನು ಗೊತ್ತಾಯಿತು ಅಂತ ಅವರಿಗೆ ಯಾರೂ ಹೋಗಿ ಹೇಳಿಲ್ಲ. ಹೇಳುವ ಏರ್ಪಾಡೇ ಇರಲಿಲ್ಲ. 2022-23ರ ಸರ್ವೆಯಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಕೇಳಿದ್ದಾರೆ, 2.6 ಲಕ್ಷಕ್ಕೂ ಜಾಸ್ತಿ ಮನೆ. ಮೂರು ಸಲ ಹೋದವರು ನಾಲ್ಕನೇ ಸಲ ಹೋಗಿ, ಅಮ್ಮಾ ನೀವು ಹೇಳಿದ್ದರಿಂದ ಹೀಗೆ ಹೀಗೆ ತಿಳಿಯಿತು ಅನ್ನಬಹುದಿತ್ತು. ಮನೆಯವರಿಗೆ ಸರ್ವೆ ಮೇಲೆ ನಂಬಿಕೆ ಬಂದರೆ ಉತ್ತರ ಸರಿಯಾಗಿ ಕೊಡುತ್ತಾರೆ. ಉತ್ತರ ಸರಿ ಇದ್ದರೆ ಸಂಶೋಧಕರಿಗೂ ಅರ್ಧ ತೊಂದರೆ ತಪ್ಪುತ್ತದೆ. ಮನೆ ಮನೆ ತಿರುಗುವ ಹುಡುಗರಿಗೆ ಬಸ್ ಚಾರ್ಜ್ ಸರಿಯಾಗಿ ಕೊಡಿ ಅಂತಲೂ ಸೇರಿಸುತ್ತಿದ್ದೆ, ಆದರೆ ಅದು ನನ್ನ ಸ್ವಂತ ಹೊಟ್ಟೆನೋವು ಅನ್ನುತ್ತೀರಿ.

ಇಷ್ಟಾದ ಮೇಲೂ ಕೇಂದ್ರ ಮಾಡೇ ಮಾಡುತ್ತೇವೆ ಅಂದರೆ ಪಾವಗಡ ಬಸ್ ಸ್ಟ್ಯಾಂಡ್ ಹತ್ತಿರ ಮಾಡಿ. ಉತ್ತರ ಕೊಟ್ಟವರು ಮೊದಲು ಬಂದು ಕೇಳಲಿ. ಮೇಷ್ಟ್ರು, ಅವರ ಹುಡುಗರು ಬೇಕಾದರೆ ಕೋಲಾರದಿಂದ ಅಲ್ಲಿಗೇ ಬರಲಿ, ಟೀ ನಾನು ಕೊಡಿಸುತ್ತೇನೆ.